ಹಾಡು ಕೇಳಲು ಯಾರನ್ನು ಕೇಳಬೇಕು?

ಹಳೆಯ ಆಂಪ್ಲಿಫೈಯರ್ ಮತ್ತು ಒಂದು ಜೊತೆ ಸ್ಪೀಕರ್ ಉಳಿಸಿಕೊಂಡಿರುವ ಮನೆಗಳಲ್ಲಿ ಇತ್ತೀಚೆಗೆ ಒಂದೇ ಬಗೆಯ ಪ್ರಶ್ನೆ ಏಳುತ್ತಿದೆ. ಆಂಪ್ಲಿಫೈಯರ್ ಇನ್ನೂ ಗಟ್ಟಿಯಾಗಿದೆ, ಸ್ಪೀಕರ್ ಸರಿಯಾಗಿದೆ; ಆದರೆ ಅವಕ್ಕೆ ಸಂಗೀತ ಒದಗಿಸುತ್ತಿದ್ದ ಕ್ಯಾಸೆಟ್ ಡೆಕ್ಕು, ಸಿಡಿ ಪ್ಲೇಯರು ಒಂದೊಂದಾಗಿ ಕೈಕೊಟ್ಟಿವೆ. ರಿಪೇರಿ ಮಾಡುವವರು ಸಿಗುವುದು ಕಷ್ಟ, ಅವರು ಸಿಕ್ಕರೂ ಬಿಡಿಭಾಗ ಸಿಗುವುದು ಇನ್ನೂ ಕಷ್ಟ. ಆ ಖಾಲಿ ಜಾಗಕ್ಕೆಂದು ಅಂಗಡಿಯವರು ತೋರಿಸುವುದು ನೆಟ್‌ವರ್ಕ್ ಮ್ಯೂಸಿಕ್ ಸ್ಟ್ರೀಮರ್ ಎಂಬ ಪೆಟ್ಟಿಗೆಯನ್ನು.

ಅದರ ಕೆಲಸ ಸರಳ. ಮನೆಯ ವೈಫೈ ಅಥವಾ ಕೇಬಲ್ ಮೂಲಕ ಅಂಕಿಗಳ ರೂಪದಲ್ಲಿ ಬರುವ ಸಂಗೀತವನ್ನು ಅದು ಪಡೆಯುತ್ತದೆ, ಒಳಗಿನ ಡ್ಯಾಕ್ ಎಂಬ ಚಿಪ್ಪಿನಿಂದ ವಿದ್ಯುತ್ ತರಂಗವಾಗಿ ಬದಲಿಸುತ್ತದೆ, ಆಂಪ್ಲಿಫೈಯರಿನ ಬೆನ್ನಿಗಿರುವ ಕೆಂಪು ಬಿಳಿ ಸಾಕೆಟ್ಟಿಗೆ ಕಳಿಸುತ್ತದೆ. ಸಂಗೀತ ಬರುವುದು ಇಂಟರ್ನೆಟ್ಟಿನ ಯಾವುದಾದರೂ ಸೇವೆಯಿಂದ ಇರಬಹುದು, ಮನೆಯಲ್ಲೇ ಇರುವ ಹಾರ್ಡ್ ಡಿಸ್ಕಿನಿಂದ ಇರಬಹುದು. ಬೆಲೆ ಕೆಲವು ಸಾವಿರದಿಂದ ಶುರುವಾಗಿ ಲಕ್ಷಗಳವರೆಗೆ ಏರುತ್ತದೆ.

ಇಷ್ಟು ದೊಡ್ಡ ಅಂತರಕ್ಕೆ ಅಂಗಡಿಯಲ್ಲಿ ಸಿಗುವ ವಿವರಣೆ ಒಂದೇ: ದನಿಯ ಗುಣಮಟ್ಟ. 24 ಬಿಟ್, 192 ಕಿಲೋಹರ್ಟ್ಸ್ ಎಂಬ ಅಂಕಿಗಳು ಮೇಜಿನ ಮೇಲೆ ಬರುತ್ತವೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ ದನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆದಿಡುತ್ತದೆ. ಇಷ್ಟರಿಂದಲೇ ಸುಮಾರು 22 ಕಿಲೋಹರ್ಟ್ಸ್‌ವರೆಗಿನ ಸ್ವರಗಳನ್ನು ಹಿಡಿಯಬಹುದು. ಮನುಷ್ಯನ ಕಿವಿಯ ಮೇಲ್ಮಿತಿ ಸುಮಾರು 20, ಅದೂ ಎಳೆಯ ವಯಸ್ಸಿನಲ್ಲಿ. ಪ್ರಾಯ ಕಳೆದಂತೆ ಅದು ಇಳಿಯುತ್ತ ಹೋಗುತ್ತದೆ. ಇಂದು ಸಾಧಾರಣ ಬೆಲೆಯ ಸ್ಟ್ರೀಮರಿನಲ್ಲಿರುವ ಡ್ಯಾಕ್ ಕೂಡ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಎಪ್ಪತ್ತರ ದಶಕದಲ್ಲಿ ಧ್ವನಿಮುದ್ರಿಸಿ ಕ್ಯಾಸೆಟ್ಟಿಗೆ ಇಳಿಸಿದ ತಂಬೂರಿಯ ಹಿಂದೆ ಟೇಪಿನದೇ ಒಂದು ಸುಯ್ಯೆನ್ನುವ ಸದ್ದಿರುತ್ತದೆ. 192 ಕಿಲೋಹರ್ಟ್ಸ್ ಅದನ್ನು ತೆಗೆಯಲಾರದು. ದನಿ ಸುಧಾರಿಸಬೇಕೆಂದರೆ ಸ್ಪೀಕರನ್ನು ಗೋಡೆಯ ಮೂಲೆಯಿಂದ ಒಂದಡಿ ಈಚೆ ತರುವುದು, ಬರಿ ನೆಲಕ್ಕೆ ಒಂದು ಜಮಖಾನೆ ಹಾಸುವುದು ಎಷ್ಟೋ ಸಲ ಹೆಚ್ಚು ಫಲ ಕೊಡುತ್ತದೆ.

ಹಾಗಾದರೆ ಯಂತ್ರ ಯಂತ್ರಗಳ ನಡುವಿನ ನಿಜವಾದ ವ್ಯತ್ಯಾಸ ಎಲ್ಲಿದೆ? ಪುಣೆಯ ಕೋಥರೂಡಿನ ಒಂದು ಮನೆಯಲ್ಲಿ ಅದು ಗೊತ್ತಾಗಿದ್ದು ಒಂದು ವಾಕ್ಯದಿಂದ.

ಆ ಮನೆಯ ಹಿರಿಯರು ಬ್ಯಾಂಕಿನಿಂದ ನಿವೃತ್ತರು. ಧಾರವಾಡ ಬಿಟ್ಟು 40 ವರ್ಷ ದಾಟಿದೆ. ಮನೆಯಲ್ಲಿ 140 ಸಿಡಿ, 60 ಕ್ಯಾಸೆಟ್. ಸಿಡಿಗಳಲ್ಲಿ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ, ಬಸವರಾಜ ರಾಜಗುರು. ಕ್ಯಾಸೆಟ್ಟುಗಳಲ್ಲಿ ಅರ್ಧದಷ್ಟು, ಧಾರವಾಡ ಆಕಾಶವಾಣಿಯ ಕಾರ್ಯಕ್ರಮಗಳನ್ನು ರೇಡಿಯೋ ಎದುರು ಟೇಪ್ ರೆಕಾರ್ಡರ್ ಇಟ್ಟು ಹಿಡಿದುಕೊಂಡವು. ಎರಡು ವರ್ಷದಿಂದ ಅವರ ದೃಷ್ಟಿಯ ನಡುಭಾಗ ಮಸುಕಾಗಿದೆ. ಓಡಾಡುತ್ತಾರೆ, ಚಹಾ ಮಾಡಿಕೊಳ್ಳುತ್ತಾರೆ; ಅಕ್ಷರ ಓದಲು, ಫೋನಿನ ಪರದೆ ನೋಡಲು ಆಗುವುದಿಲ್ಲ. ಅದೇ ಸಮಯಕ್ಕೆ ಸಿಡಿ ಪ್ಲೇಯರೂ ಓದುವುದನ್ನು ನಿಲ್ಲಿಸಿತು.

ಹೈದರಾಬಾದಿನಲ್ಲಿ ಕೆಲಸ ಮಾಡುವ ಮಗಳು ತಾತ್ಕಾಲಿಕವಾಗಿ ಆಂಪ್ಲಿಫೈಯರಿಗೆ ಒಂದು ಬ್ಲೂಟೂತ್ ರಿಸೀವರ್ ಸಿಕ್ಕಿಸಿ, ತಾಯಿಯ ಫೋನಿನಿಂದ ಹಾಡು ಹಾಕುವುದನ್ನು ಕಲಿಸಿದಳು. ಬ್ಲೂಟೂತಿನಲ್ಲಿ ಹಾಡು ಫೋನಿನೊಳಗಿಂದಲೇ ಹೊರಡಬೇಕು. ಕರೆ ಬಂದರೆ ಆಲಾಪ ನಿಲ್ಲುತ್ತದೆ. ತಾಯಿ ಫೋನ್ ಹಿಡಿದು ತರಕಾರಿಗೆ ಹೊರಟರೆ ಯಮನ್ ರಾಗವೂ ಅವರ ಜೊತೆ ಮೆಟ್ಟಿಲಿಳಿದು ಹೋಗುತ್ತದೆ. ನಾಲ್ಕು ತಿಂಗಳು ಹೀಗೆ ನಡೆಯಿತು. ಗಣೇಶನ ಹಬ್ಬಕ್ಕೆ ಬಂದ ಮಗಳು, ಸ್ಟ್ರೀಮರ್ ತಂದರೆ ಈ ತೊಂದರೆ ಇರುವುದಿಲ್ಲ, ಅದು ಸಂಗೀತವನ್ನು ತಾನೇ ಎಳೆದುಕೊಳ್ಳುತ್ತದೆ, ಫೋನು ಬರಿ ರಿಮೋಟ್ ಇದ್ದ ಹಾಗೆ ಎಂದು ವಿವರಿಸಿದಳು. ತಂದೆ ಕೇಳಿದ್ದು ಇಷ್ಟೇ: “ಅಲ್ಲವ್ವಾ, ಹಾಡು ಕೇಳಬೇಕಂದ್ರ ಮೊದಲ ಯಾರನರೆ ಕೇಳಬೇಕೇನು?”

ಆಲಿಸುವುದಕ್ಕೂ ಅನುಮತಿ ಬೇಡುವುದಕ್ಕೂ ಕನ್ನಡದಲ್ಲಿ ಕ್ರಿಯಾಪದ ಒಂದೇ. ಇಷ್ಟು ವರ್ಷ ಅವರ ಮಟ್ಟಿಗೆ ಈ ಎರಡು ಅರ್ಥಗಳು ದೂರವೇ ಇದ್ದವು. ಕಪಾಟು ತೆಗೆದು, ಬೆನ್ನಿನ ಬಣ್ಣ ನೋಡಿ, ಡಬ್ಬಿ ತೆರೆದು, ಗುಂಡಿ ಒತ್ತಿದರೆ ಮುಗಿಯಿತು. ಈಗ ದಿನಕ್ಕೆ ನಾಲ್ಕು ಸಲ ಹೆಂಡತಿಯನ್ನು ಕರೆಯಬೇಕು, ಆಕೆ ಕೈ ಒರೆಸಿಕೊಂಡು ಬರಬೇಕು. ಕರೆಯಲು ಮನಸ್ಸಾಗದೆ ಸುಮ್ಮನೆ ಕೂತ ಸಂಜೆಗಳು ಎಷ್ಟೆಂದು ಅವರು ಹೇಳಲಿಲ್ಲ, ಮಗಳೂ ಕೇಳಲಿಲ್ಲ. ಆದರೆ ಯಂತ್ರ ಹುಡುಕುವ ದಾರಿ ಅಲ್ಲಿಂದ ಬದಲಾಯಿತು.

ಪುಣೆಯ ಅಂಗಡಿಯೊಂದರಲ್ಲಿ ಮೊದಲು ತೋರಿಸಿದ್ದು ಲಕ್ಷ ದಾಟಿದ ಬೆಲೆಯ, ದೊಡ್ಡ ಪರದೆಯ ಯಂತ್ರ. ಆಲ್ಬಮ್ಮಿನ ಚಿತ್ರ ಪರದೆಯ ತುಂಬ ಹೊಳೆಯುತ್ತಿತ್ತು. ಈ ಮನೆಗೆ ಅದರಿಂದ ಉಪಯೋಗವಿಲ್ಲ. ಚಿಕ್ಕ ಡಬ್ಬಿಯಂಥ ಇನ್ನೊಂದು ಅರ್ಧಕ್ಕಿಂತ ಅಗ್ಗ, ಆದರೆ ಅದಕ್ಕೆ ಮುಟ್ಟಿ ತಿಳಿಯುವ ಗುಂಡಿಗಳೇ ಇರಲಿಲ್ಲ, ಎಲ್ಲವೂ ಆ್ಯಪಿನಲ್ಲಿ. ಮೂರನೆಯ ದಾರಿ, ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಡ್ಯಾಕ್ ಹಲಗೆ ಜೋಡಿಸಿ ಉಚಿತ ತಂತ್ರಾಂಶ ಹಾಕಿ ತಾವೇ ಕಟ್ಟಿಕೊಳ್ಳುವುದು. ಖರ್ಚು ಕಡಿಮೆ, ಸ್ವಾತಂತ್ರ್ಯ ಹೆಚ್ಚು. ಆದರೆ ಅದು ಕೆಟ್ಟ ದಿನ ಸರಿಮಾಡಬೇಕಾದವಳು ಹೈದರಾಬಾದಿನಲ್ಲಿರುತ್ತಾಳೆ.

ಸಂಗೀತ ಎಲ್ಲಿಂದ ಬರುತ್ತದೆ ಎಂಬುದು ಮುಂದಿನ ಲೆಕ್ಕ. ಸ್ಟ್ರೀಮರಿನ ಡಬ್ಬಿಯ ಮೇಲೆ ಹತ್ತಾರು ಸೇವೆಗಳ ಚಿಹ್ನೆಗಳಿರುತ್ತವೆ. ಅವುಗಳಲ್ಲಿ ಎಷ್ಟು ಭಾರತದಲ್ಲಿ ಚಂದಾ ಪಡೆಯಲು ಸಿಗುತ್ತವೆ, ಸಿಗುವವು ಆ ಯಂತ್ರದಲ್ಲಿ ನೇರವಾಗಿ ಓಡುತ್ತವೆಯೇ ಎಂದು ಒಂದೊಂದಾಗಿ ನೋಡಿಕೊಳ್ಳಬೇಕು. ಮೇಲಾಗಿ ಸೇವೆ ಎಂದರೆ ಬಾಡಿಗೆ ಮನೆ. ವಿಂಕ್ ಮ್ಯೂಸಿಕ್ 2024ರಲ್ಲಿ ಮುಚ್ಚಿತು. ಅದರಲ್ಲಿ ಜೋಡಿಸಿಟ್ಟುಕೊಂಡ ಪಟ್ಟಿಗಳ ಗಂಟು ಮೂಟೆ ಕಟ್ಟಿಕೊಂಡು ಜನ ಬೇರೆ ಕಡೆ ಹೋಗಬೇಕಾಯಿತು. ಇನ್ನು ರೇಡಿಯೋ ಎದುರು ಹಿಡಿದ ಆ ಕ್ಯಾಸೆಟ್ಟುಗಳು ಯಾವ ಸೇವೆಯಲ್ಲೂ ಇರಲಾರವು. ಅವುಗಳಲ್ಲೊಂದರಲ್ಲಿ ವಿಲಂಬಿತದ ನಡುವೆ ಕುಕ್ಕರ್ ಸೀಟಿ ಕೇಳಿಸುತ್ತದೆ. “ಅದು ನಂದು,” ಎಂದು ತಾಯಿ ಇಂದಿಗೂ ಹೇಳಿಕೊಳ್ಳುತ್ತಾರೆ.

ಹೀಗಾಗಿ ಸ್ವಂತ ಸಂಗ್ರಹವನ್ನೇ ಫೈಲ್ ಮಾಡಿಕೊಳ್ಳುವುದೆಂದು ತೀರ್ಮಾನವಾಯಿತು. ಒಂದು ಗಂಟೆಯ ಸಿಡಿ ಸುಮಾರು 635 ಎಂಬಿ. ಏನನ್ನೂ ಕಳೆದುಕೊಳ್ಳದೆ ಕುಗ್ಗಿಸುವ ಫ್ಲ್ಯಾಕ್ ಎಂಬ ರೂಪದಲ್ಲಿ ಇಟ್ಟರೆ ಹೆಚ್ಚುಕಡಿಮೆ ಅರ್ಧ. ಇಡೀ ಮನೆಯ ಸಂಗೀತ 128 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ಹಿಡಿಸುತ್ತದೆ. ಸಿಡಿ ಒಂದಕ್ಕೆ ಕೆಲವೇ ನಿಮಿಷ. ಕ್ಯಾಸೆಟ್ಟಿಗೆ ಆ ಸೌಲಭ್ಯವಿಲ್ಲ. ಒಂದು ಗಂಟೆಯ ಟೇಪು ಒಂದು ಗಂಟೆಯೇ ಓಡಬೇಕು, ನಡುವೆ ಯಾರಾದರೂ ಮಗ್ಗುಲು ತಿರುಗಿಸಬೇಕು. ಆ ಕೆಲಸವನ್ನು ತಂದೆಯೇ ವಹಿಸಿಕೊಂಡರು. ಮಗ್ಗುಲು ತಿರುಗಿಸಲು ಕಣ್ಣು ಬೇಕಿಲ್ಲ.

ಕಷ್ಟ ಎದುರಾಗಿದ್ದು ಹೆಸರುಗಳಲ್ಲಿ. ಸ್ಟ್ರೀಮರುಗಳ ಲೋಕದಲ್ಲಿ ಪ್ರತಿ ಹಾಡಿಗೂ ಮೂರು ಗುರುತು: ಕಲಾವಿದ, ಆಲ್ಬಮ್, ಹಾಡು. ಪಾಶ್ಚಾತ್ಯ ಪಾಪ್ ಸಂಗೀತಕ್ಕೆ ಹೊಲಿದ ಅಂಗಿ ಇದು. ಹಿಂದೂಸ್ತಾನಿ ಕೇಳುಗರು ಮೊದಲು ಹುಡುಕುವುದು ರಾಗವನ್ನು. ಭಾವಗೀತೆಯ ಕೇಳುಗರಿಗೆ ಹಾಡಿದವರಷ್ಟೇ ಬರೆದ ಕವಿಯೂ ಮುಖ್ಯ. ಫ್ಲ್ಯಾಕ್ ಫೈಲಿನಲ್ಲಿ ‘ರಾಗ’ ಎಂಬ ಹೊಸ ಅಂಕಣವನ್ನೇನೋ ಸೇರಿಸಬಹುದು, ಆದರೆ ಬಹುತೇಕ ಯಂತ್ರಗಳು ಅದನ್ನು ತೋರಿಸುವುದಿಲ್ಲ. ಆದ್ದರಿಂದ ಸಂಗೀತದ ಪ್ರಕಾರವನ್ನು ನಮೂದಿಸುವ ಅಂಕಣದಲ್ಲಿ ರಾಗದ ಹೆಸರು ಬರೆಯುವುದು ಹಲವರು ಕಂಡುಕೊಂಡ ಉಪಾಯ.

ಲಿಪಿಯದು ಬೇರೆ ಕತೆ. ಎಂಪಿ3 ಫೈಲಿಗೆ ಹೆಸರು ಅಂಟಿಸುವ ಮೊದಲ ಪದ್ಧತಿ 1996ರಲ್ಲಿ ಬಂದಾಗ ಕಲಾವಿದರ ಹೆಸರಿಗೆ ಇಟ್ಟ ಜಾಗ 30 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಈಗ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು, ಗುಣಿತ ಮತ್ತು ವಿರಾಮ ಚಿಹ್ನೆಗಳದು ಬೇರೆ ಬೇರೆ ಲೆಕ್ಕ. ‘ಮಲ್ಲಿಕಾರ್ಜುನ’ ಎಂಬುದೊಂದೇ 12 ಚಿಹ್ನೆ, ಅಂದರೆ 36 ಬೈಟ್. ಮನಸೂರ ಬರುವ ಮೊದಲೇ ಜಾಗ ಮುಗಿಯುತ್ತದೆ. ಫ್ಲ್ಯಾಕಿನಲ್ಲಿ ಈ ಇಕ್ಕಟ್ಟಿಲ್ಲ. ಆದರೂ ಕನ್ನಡದ ಫಾಂಟ್ ಇಲ್ಲದ ಯಂತ್ರದ ಪರದೆಯಲ್ಲಿ ಹೆಸರಿನ ಬದಲು ಖಾಲಿ ಚೌಕಗಳ ಸಾಲು ಕಾಣುತ್ತದೆ, ಇಲ್ಲವೇ ಒತ್ತಕ್ಷರ ಬಿಡಿಬಿಡಿಯಾಗಿ ಉದುರುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಒಬ್ಬರೇ ಗಾಯಕರು ಮನ್ಸುರ್, ಮನ್ಸೂರ್, ಪಂಡಿತ್, ಪಂ. ಎಂದೆಲ್ಲ ನಾಲ್ಕು ಜನರಾಗಿ ಪಟ್ಟಿಯಲ್ಲಿ ಕೂರುತ್ತಾರೆ. ಕನ್ನಡದಲ್ಲಿ ಬರೆದರೆ ಈ ಗೊಂದಲ ಪೂರ್ತಿ ಹೋಗುತ್ತದೆಂದೇನಲ್ಲ; ಧಾರವಾಡದವರ ಮನಸೂರ ಮೈಸೂರಿನವರಿಗೆ ಮನ್ಸೂರ್. ಮೊದಲ ದಿನವೇ ಒಂದು ರೂಪ ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಬರೆಯುವುದೊಂದೇ ಪರಿಹಾರ.

ಈ ಶ್ರಮಕ್ಕೆ ಅರ್ಥವಿರುವುದು ಫೈಲುಗಳು ಯಂತ್ರಕ್ಕಿಂತ ಹೆಚ್ಚು ಕಾಲ ಬಾಳುತ್ತವೆ ಎಂಬ ಕಾರಣಕ್ಕೆ. ಗೂಗಲ್ 2015ರಲ್ಲಿ ತಂದ ಕ್ರೋಮ್‌ಕಾಸ್ಟ್ ಆಡಿಯೋ ಅಗ್ಗದ, ಒಳ್ಳೆಯ ಸಾಧನ. 2019ರಲ್ಲಿ ಅದರ ತಯಾರಿಕೆ ನಿಂತಿತು. ಕೊಂಡವರ ಮನೆಗಳಲ್ಲಿ ಅದು ಓಡುತ್ತಲೇ ಇತ್ತು. 2025ರ ಮಾರ್ಚಿನಲ್ಲಿ ಒಂದು ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದ ಕಾರಣಕ್ಕೆ ಲೋಕದ ಉದ್ದಗಲಕ್ಕೂ ಅವು ಕೆಲವು ದಿನ ಕೈಕಟ್ಟಿ ಕೂತವು. ಯಂತ್ರದಲ್ಲಿ ಏನೂ ಕೆಟ್ಟಿರಲಿಲ್ಲ. ಇದಕ್ಕೆ ಎದುರಾಗಿ ಸ್ಕ್ವೀಝ್‌ಬಾಕ್ಸ್ ಎಂಬ ಹಳೆಯ ಸ್ಟ್ರೀಮರಿನ ಉದಾಹರಣೆಯಿದೆ. ಲಾಜಿಟೆಕ್ 2012ರಲ್ಲಿ ಅದನ್ನು ಕೈಬಿಟ್ಟಿತು. ಆದರೆ ಅದನ್ನು ನಡೆಸುವ ತಂತ್ರಾಂಶ ಎಲ್ಲರಿಗೂ ತೆರೆದದ್ದಾಗಿತ್ತು. ಅಭಿಮಾನಿಗಳು ಅದನ್ನು ಮುಂದುವರಿಸಿದರು, ಈಗ ಲೈರಿಯನ್ ಎಂಬ ಹೆಸರಿನಲ್ಲಿ ನಡೆಸುತ್ತಿದ್ದಾರೆ. ಹಾಗಾಗಿ ಕಂಪನಿ ಎಷ್ಟು ದೊಡ್ಡದು ಎಂಬುದಕ್ಕಿಂತ, ಕಂಪನಿ ಕೈಬಿಟ್ಟ ಮರುದಿನ ಯಂತ್ರ ಏನು ಮಾಡಬಲ್ಲದು ಎಂಬುದು ಕೊಳ್ಳುವವರಿಗೆ ಹೆಚ್ಚು ಮುಖ್ಯ.

ಇದನ್ನೆಲ್ಲ ಅಂಗಡಿಯಲ್ಲೇ ಪರೀಕ್ಷಿಸಲು ಮಗಳು ಒಂದು ಪೆನ್‌ಡ್ರೈವ್ ಸಿದ್ಧಮಾಡಿಕೊಂಡು ಹೋದಳು. ಅದರಲ್ಲಿ ಕನ್ನಡದಲ್ಲಿ ಹೆಸರಿಟ್ಟ ಒಂದು ಫೈಲು. ವಿಲಂಬಿತ ಮತ್ತು ದ್ರುತ ಎಂದು ಎರಡಾಗಿ ಕತ್ತರಿಸಿದ, ಆದರೆ ನಡುವೆ ತಂಬೂರಿ ಒಂದು ಕ್ಷಣವೂ ನಿಲ್ಲಬಾರದ ಒಂದು ರಾಗ. ಕೆಲವು ಯಂತ್ರಗಳು ಒಂದು ಫೈಲಿನಿಂದ ಇನ್ನೊಂದಕ್ಕೆ ದಾಟುವಾಗ ಅರ್ಧ ಸೆಕೆಂಡ್ ತಡವರಿಸುತ್ತವೆ. 70 ನಿಮಿಷದ ಒಂದೇ ಉದ್ದನೆಯ ಫೈಲು, ನಡುವಿನಲ್ಲಿ ನಿಲ್ಲಿಸಿ ಮತ್ತೆ ಅಲ್ಲಿಂದಲೇ ಶುರುಮಾಡಲು. ಆಮೇಲೆ ಎರಡು ಪರೀಕ್ಷೆ ಫೈಲಿಲ್ಲದವು. ಒಂದು, ಪ್ಲಗ್ ಕಿತ್ತು ಮತ್ತೆ ಹಾಕಿದರೆ ಆ್ಯಪಿನ ಹಂಗಿಲ್ಲದೆ ಯಂತ್ರ ಎದ್ದು ಕೂರುತ್ತದೆಯೇ? ಇನ್ನೊಂದು, ಅಂಗಡಿಯ ವೈಫೈ ಆರಿಸಿ, ಫೋನು ಜೇಬಿನಲ್ಲಿಟ್ಟು ರಿಮೋಟಿನ ಗುಂಡಿ ಒತ್ತಿದರೆ ಪೆನ್‌ಡ್ರೈವಿನ ಹಾಡು ಬರುತ್ತದೆಯೇ?

ಕೊನೆಯ ಪರೀಕ್ಷೆಯಲ್ಲಿ ದುಬಾರಿಯದೊಂದು ಸೋತಿತು. ಇಂಟರ್ನೆಟ್ ಇಲ್ಲವೆಂದು ಪರದೆಯಲ್ಲಿ ದೊಡ್ಡ ಅಕ್ಷರದ ಸೂಚನೆ ತೋರಿಸಿ ಸುಮ್ಮನಾಯಿತು. ಗೆದ್ದದ್ದು ಮಧ್ಯಮ ಬೆಲೆಯದು. ಅದಕ್ಕೆ ಯುಎಸ್‌ಬಿ ಕಿಂಡಿ ಇದೆ, ರಿಮೋಟಿನಲ್ಲಿ ನಾಲ್ಕು ಪ್ರೀಸೆಟ್ ಗುಂಡಿಗಳಿವೆ, ಒಂದೊಂದಕ್ಕೂ ಬೇಕಾದ ಪಟ್ಟಿಯನ್ನು ಕಟ್ಟಿಡಬಹುದು. ಕನ್ನಡ ಹೆಸರುಗಳನ್ನು ಅದು ಪರದೆಯಲ್ಲಿ ಅಷ್ಟು ಚೆನ್ನಾಗಿ ತೋರಿಸುವುದಿಲ್ಲ. ಈ ಮನೆಯಲ್ಲಿ ಅದನ್ನು ಒಪ್ಪಿಕೊಳ್ಳಬಹುದಿತ್ತು. ಕನ್ನಡ ಫಾಂಟಿನ ಪರದೆಯೇ ಮುಖ್ಯವಾದ ಮನೆಯವರು ಬೇರೆಯದನ್ನೇ ಆರಿಸಬೇಕಾದೀತು.

ಉಳಿದದ್ದು ನಾಲ್ಕು ಗುಂಡಿಗಳ ಹಂಚಿಕೆ. ಒಂದನೆಯದು ಮನಸೂರರಿಗೆ, ಚರ್ಚೆಯಿಲ್ಲ. ಎರಡನೆಯದು ರೇಡಿಯೋ ಕ್ಯಾಸೆಟ್ಟುಗಳಿಗೆ, ಕುಕ್ಕರ್ ಸೀಟಿ ಸಮೇತ. ನಾಲ್ಕನೆಯದನ್ನು ತಾಯಿ ಬೆಳಗಿನ ದಾಸರ ಪದಗಳಿಗೆಂದು ಮೊದಲೇ ಹಿಡಿದುಕೊಂಡರು. ಬೆರಳಿಗೆ ಗುರುತು ಸಿಗಲೆಂದು ಒಂದನೆಯ ಗುಂಡಿಗೆ ಒಂದು ಟಿಕಳಿ, ಎರಡನೆಯದಕ್ಕೆ ಎರಡು ಅಂಟಿಸಿದ್ದೂ ಅವರೇ. ಮೂರನೆಯದು ಖಾಲಿ ಉಳಿಯಿತು. ಅದಕ್ಕೆ ಯಾರನ್ನು ಹಾಕಲಿ ಎಂದು ಹೈದರಾಬಾದಿನ ಬಸ್ಸಿಗೆ ಹೊರಡುವ ಮೊದಲು ಮಗಳು ತಂದೆಯನ್ನು ವಿಚಾರಿಸಿದಳು. ಅವರು ರಿಮೋಟಿನ ಮೇಲೆ ಬೆರಳಾಡಿಸುತ್ತ ಎರಡು ಟಿಕಳಿಯ ಗುಂಡಿಯಲ್ಲಿ ನಿಂತಿದ್ದರು.

“ತಡಿ, ಇವನ್ನ ಒಂದ್ಸಲ ಎಲ್ಲಾ ಕೇಳಿ ಮುಗಸ್ತೀನಿ. ಆಮ್ಯಾಲ ಹೇಳ್ತೀನಿ.”