ಬೋಟಿನಲ್ಲಿ ರೇಂಜ್ ಸಿಗಬೇಕಾದರೆ



ನಮ್ಮ ಮಾಮ ಮಂಜೇಶ್ವರದಿಂದ ಕಡಲಿಗೆ ಹೋಗುವವರು. ಬೋಟು ದಡ ಬಿಟ್ಟು ಸ್ವಲ್ಪ ದೂರ ಹೋಯಿತೆಂದರೆ ಫೋನಿಗೆ ರೇಂಜ್ ಇಲ್ಲ. ಗಾಳಿ ಜೋರಾದ ದಿನ ಮನೆಯಲ್ಲಿ ಮಾಮಿಗೆ ಊಟ ಸೇರುವುದಿಲ್ಲ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ಆಗಲೇ ಕಡಲಲ್ಲಿದ್ದರು, ಎಚ್ಚರಿಕೆ ಅವರನ್ನು ಮುಟ್ಟಲಿಲ್ಲ. ಮಾಮಿ ಅದನ್ನು ಇನ್ನೂ ಮರೆತಿಲ್ಲ. ಹಾಗಾಗಿ ಟ್ರಾಲಿಂಗ್ ನಿಷೇಧದ 52 ದಿನ ಬೋಟು ಕಟ್ಟಿಹಾಕಿದ್ದಾಗ ನಾವು ಅಣ್ಣತಮ್ಮಂದಿರು ಈ ಕೆಲಸಕ್ಕೆ ಕೈಹಾಕಿದೆವು.

ಟವರಿನ ಸಿಗ್ನಲ್ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಬರುತ್ತದೆ. ಭೂಮಿ ಗುಂಡಗಿರುವುದರಿಂದ ದೂರ ಹೋದಂತೆ ಟವರ್ ಕಡಲಂಚಿನ ಕೆಳಗೆ ಮರೆಯಾಗುತ್ತದೆ. ನೀರಿನಿಂದ ಒಂದೂವರೆ ಮೀಟರ್ ಎತ್ತರದಿಂದ ನೋಡಿದರೆ ಕಡಲಂಚು ಸುಮಾರು 4.4 ಕಿ.ಮೀ. ದೂರ. 6 ಮೀಟರ್ ಎತ್ತರದಿಂದ ಸುಮಾರು 8.7 ಕಿ.ಮೀ. ಅಂದರೆ ಎತ್ತರ ನಾಲ್ಕು ಪಟ್ಟಾದರೆ ನೋಟ ಎರಡು ಪಟ್ಟು. ದಡದ ಟವರ್ ಎತ್ತರವಾಗಿದ್ದಷ್ಟೂ ಇನ್ನೂ ಲಾಭ. ಸಾಲದ್ದಕ್ಕೆ ಬೋಟಿನ ಕಬ್ಬಿಣದ ಕ್ಯಾಬಿನ್ ಸಿಗ್ನಲನ್ನು ತಡೆಯುತ್ತದೆ.

ಆದ್ದರಿಂದ ಸಿಮ್ ಹಾಕುವ ರೂಟರ್ ಒಂದನ್ನು ಕ್ಯಾಬಿನ್ನಿನೊಳಗೆ ಇಟ್ಟು, ಆಂಟೆನಾವನ್ನು ಹೊರಗೆ ಕಂಬದ ತುದಿಗೆ ಏರಿಸಿದೆವು. ಬೋಟು ತಿರುಗುತ್ತಲೇ ಇರುತ್ತದೆ, ಅದಕ್ಕೆ ಎಲ್ಲಾ ದಿಕ್ಕಿನಿಂದ ಹಿಡಿಯುವ ಆಂಟೆನಾವೇ ಬೇಕು. ಕೇಬಲ್ ಉದ್ದವಾದಷ್ಟೂ, ತೆಳುವಾದಷ್ಟೂ ಸಿಗ್ನಲ್ ದಾರಿಯಲ್ಲೇ ಸೋರಿಹೋಗುತ್ತದೆ. 3 ಡೆಸಿಬೆಲ್ ನಷ್ಟವೆಂದರೆ ಅರ್ಧ ಶಕ್ತಿ ಹೋಯಿತೆಂದೇ ಲೆಕ್ಕ. ಹಾಗಾಗಿ ದಪ್ಪ ಕೇಬಲನ್ನು ಬೇಕಾದಷ್ಟೇ ಉದ್ದಕ್ಕೆ ಹಾಕಿದೆವು. ಜೋಡಣೆಗಳಿಗೆ ಉಪ್ಪುನೀರು ತಾಗದಂತೆ ರಬ್ಬರ್ ಟೇಪು ಸುತ್ತಿದೆವು.

ಅಂಗಡಿಯವರೊಬ್ಬರು ಬೂಸ್ಟರ್ ಹಾಕಿ ಎಂದರು. ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, ಸುತ್ತಲಿನವರ ನೆಟ್‌ವರ್ಕಿಗೂ ತೊಂದರೆ. ಬೇಡವೆಂದೆವು.

ಈಗ ಮೊದಲು ಸಿಗ್ನಲ್ ಹೋಗುತ್ತಿದ್ದ ಜಾಗ ದಾಟಿದ ಮೇಲೂ ಕೆಲವು ಕಿಲೋಮೀಟರ್ ಸಂದೇಶ ಹೋಗಿಬರುತ್ತದೆ. ಹವಾಮಾನದ ಎಚ್ಚರಿಕೆ ಬಂದರೆ ಮಾಮಿಯೇ ಮೊದಲು ಕಳಿಸುತ್ತಾರೆ. "ಇವಳೇ ಈಗ ನಮ್ಮ ಹವಾಮಾನ ಇಲಾಖೆ" ಎಂದು ಮಾಮ ನಗುತ್ತಾರೆ. ಆದರೆ ಆಳ ಕಡಲಿಗೆ ಇದು ಸಾಲದು. ಅಲ್ಲಿ ಟವರೂ ಇಲ್ಲ, ರೂಟರಿನ ಆಟವೂ ನಡೆಯದು. ಅದಕ್ಕೇ ವಿಎಚ್‌ಎಫ್ ವಯರ್‌ಲೆಸ್ ಸೆಟ್ಟು 16ನೇ ಚಾನೆಲ್ಲಿನಲ್ಲಿ ಸದಾ ಚಾಲೂ ಇರಬೇಕು, ಲೈಫ್ ಜಾಕೆಟ್ ಕೈಗೆಟಕುವಂತಿರಬೇಕು. ಇಂಟರ್ನೆಟ್ ಬಂತೆಂದು ಇವೆರಡನ್ನು ಬಿಡಬಾರದು.

ನಿಮ್ಮ ಮನೆಯವರೂ ಕಡಲಿಗೆ ಹೋಗುವವರಾದರೆ ಮುಂದಿನ ನಿಷೇಧದ ದಿನಗಳಲ್ಲಿ ನಮ್ಮನ್ನು ಕರೆಯಿರಿ. ಕಂಬ ಹತ್ತಲು ನಾವು ಬರುತ್ತೇವೆ, ಮೀನು ಸಾರು ನಿಮ್ಮದು.