ಧ್ವನಿಯ ಹಿರಿಮೆ ತಟ್ಟೆಯಲ್ಲಿದೆಯೇ?

ನಮ್ಮ ಹಿರಿಯರು ಕೀಲಿ ಕೊಟ್ಟು ತಿರುಗಿಸುವ ಗ್ರಾಮಾಫೋನಿನಲ್ಲಿ ಹಾಡು ಕೇಳಿದರು. ಒಂದು ಮಗ್ಗುಲಿಗೆ ಮೂರು ನಿಮಿಷವಷ್ಟೇ ಹಿಡಿಯುತ್ತಿದ್ದ ಆ ಕರಿಯ ತಟ್ಟೆಗಳ ಬಳಿಕ ರೇಡಿಯೋ, ಧ್ವನಿಸುರುಳಿ, ಸಿ.ಡಿ.ಗಳು ಒಂದರ ಹಿಂದೊಂದು ಬಂದವು. ಪ್ರತಿಯೊಂದು ಸಾಧನ ಬಂದಾಗಲೂ ಇನ್ನು ಮುಂದೆ ಸುಧಾರಣೆಗೆ ಎಡೆಯಿಲ್ಲವೆಂಬ ಪ್ರಚಾರ ನಡೆಯಿತು. 1982ರಲ್ಲಿ ಸಿ.ಡಿ.ಯನ್ನು ಮಾರುಕಟ್ಟೆಗೆ ತಂದ ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳೇ 1999ರಲ್ಲಿ ಅದಕ್ಕಿಂತ ಶ್ರೇಷ್ಠವೆಂದು ‘ಸೂಪರ್ ಆಡಿಯೋ ಸಿ.ಡಿ.’ಯನ್ನು ತಂದವು. ಮರುವರ್ಷ ‘ಡಿ.ವಿ.ಡಿ. ಆಡಿಯೋ’ ಬಂದಿತು. ಇವುಗಳಲ್ಲಿ ಎರಡನೆಯದು ಕಣ್ಮರೆಯಾಗಿದೆ. ಮೊದಲನೆಯದು ಕೆಲವೇ ರಸಿಕರ ವಲಯದಲ್ಲಿ ಉಳಿದಿದೆ. ಆದರೆ ಅದೇ ಮಾತನ್ನು ಈಗ ಮೊಬೈಲಿಗೆ ಇಳಿಸಿಕೊಳ್ಳುವ ಸಂಗೀತದ ಬಗೆಗೂ ಹೇಳಲಾಗುತ್ತಿರುವುದರಿಂದ, ಅದರಲ್ಲಿ ಸತ್ಯವೆಷ್ಟು ಎಂದು ವಿಚಾರಿಸುವುದು ಅನುಚಿತವಾಗಲಾರದು.

ನನಗೆ ಈ ಪ್ರಶ್ನೆ ಬರಿಯ ಕುತೂಹಲದ್ದಾಗಿರಲಿಲ್ಲ. ಧಾರವಾಡದ ಕಡೆಯವನಾದ ನಾನು ಉದ್ಯೋಗನಿಮಿತ್ತ ಬಂಟ್ವಾಳಕ್ಕೆ ಬಂದು ನೇತ್ರಾವತಿಯ ತೀರದಲ್ಲಿಯೇ ನೆಲೆನಿಂತೆ. ಬರುವಾಗ ಎರಡು ಪೆಟ್ಟಿಗೆ ಧ್ವನಿಸುರುಳಿಗಳನ್ನು ತಂದಿದ್ದೆ. ಅವುಗಳಲ್ಲಿ ಮಲ್ಲಿಕಾರ್ಜುನ ಮನ್ಸೂರರ, ಬಸವರಾಜ ರಾಜಗುರುಗಳ ವಚನಗಾಯನವಿದೆ. ನಮ್ಮ ತಂದೆಯವರು ಬೆಳಗಿನ ಪೂಜೆಯ ತರುವಾಯ ತಾವೇ ಹಾಡುತ್ತಿದ್ದ ವಚನಗಳ ಮೂರು ಸುರುಳಿಗಳೂ ಇವೆ. ಲಿಂಗೈಕ್ಯರಾದ ಅವರ ಧ್ವನಿ ಈಗ ಉಳಿದಿರುವುದು ಅಷ್ಟರಲ್ಲಿಯೇ.

ವಿದೇಶದಲ್ಲಿರುವ ಅಣ್ಣನ ಮಗ ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಬಂದಾಗ, ತನ್ನ ಸೂಪರ್ ಆಡಿಯೋ ಯಂತ್ರವನ್ನೂ ಕೆಲವು ತಟ್ಟೆಗಳನ್ನೂ ತಂದಿದ್ದ. “ಕಾಕಾ, ಇಂಥಾದ್ದೊಂದು ಯಂತ್ರಾ ತಗೋರಿ. ಅಜ್ಜಾರ ಹಾಡನ್ನೂ ಹೈ ರೆಸಲ್ಯೂಷನ್‌ಗೆ ಹಾಕಿಸಿದ್ರ ಅವರು ಎದುರಿಗೆ ಕೂತು ಹಾಡಿಧಂಗ ಕೇಳಸ್ತದ” ಎಂದು ಒತ್ತಾಯಿಸಿದ. ಅವನ ಅಕ್ಕರೆ ದೊಡ್ಡದು; ಯಂತ್ರದ ಬೆಲೆಯೂ ಸಣ್ಣದಾಗಿರಲಿಲ್ಲ. ಆದುದರಿಂದ ಮೊದಲು ಪರೀಕ್ಷಿಸೋಣವೆಂದು ನಿಶ್ಚಯಿಸಿದೆವು.

ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳ ಅಂಕಿಯಾಗಿ ಬರೆದಿಡುತ್ತಾರೆ. ಅಳತೆಯ ವೇಗದ ಅರ್ಧದೊಳಗಿನ ಕಂಪನಗಳನ್ನೆಲ್ಲ ಕೊರತೆಯಿಲ್ಲದೆ ಮರಳಿ ಪಡೆಯಬಹುದೆಂಬುದು ಗಣಿತದಿಂದ ಸಿದ್ಧವಾದ ಸಂಗತಿ. ಮನುಷ್ಯನ ಕಿವಿಯ ಮೇಲಣ ಎಲ್ಲೆ ಸುಮಾರು 20,000 ಕಂಪನಗಳು. ವಯಸ್ಸಾದಂತೆ ಅದೂ ಇಳಿಯುತ್ತದೆ. ಇನ್ನು 16 ಬಿಟ್‌ಗಳು ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ನಡುವೆ ಸುಮಾರು 96 ಡೆಸಿಬಲ್ ಅಂತರವನ್ನು ಕೊಡುತ್ತವೆ. ಆಷಾಢದ ಮಳೆ ಹಂಚಿನ ಮಾಡಿನ ಮೇಲೆ ಸುರಿಯುವಾಗ ಅಷ್ಟು ಮೆಲುದನಿಯನ್ನು ಕೇಳಬಲ್ಲವರು ಯಾರು?

ಒಂದೇ ತಟ್ಟೆಯಲ್ಲಿ ಸಾಮಾನ್ಯ ಸಿ.ಡಿ.ಯ ಪದರವೂ ಸೂಪರ್ ಆಡಿಯೋ ಪದರವೂ ಇರುವುದುಂಟು. ಅಂತಹದೊಂದನ್ನು ಹಾಕಿದೆವು. ಮೊದಲ ಬಾರಿಗೆ ಹೊಸ ಪದರವೇ ಹೆಚ್ಚು ತುಂಬಿ ಬಂದಂತೆನಿಸಿತು. ಅಳೆದು ನೋಡಿದರೆ ಅದರ ಧ್ವನಿಯೇ ತುಸು ಗಟ್ಟಿಯಾಗಿತ್ತು. ಗಟ್ಟಿತನ ಕೊಂಚ ಹೆಚ್ಚಿದರೂ ಮನಸ್ಸು ಅದನ್ನು ಗುಣವೆಂದೇ ಗ್ರಹಿಸುತ್ತದೆ. ಎರಡನ್ನೂ ಸಮಗೊಳಿಸಿ, ಯಾವುದು ನುಡಿಯುತ್ತಿದೆಯೆಂದು ಹೇಳದೆ ನನ್ನ ಪತ್ನಿ ಇಪ್ಪತ್ತು ಸಲ ಕೇಳಿಸಿದಳು. ನಾನು ಹನ್ನೊಂದು ಸಲ ಸರಿ ಹೇಳಿದೆ, ಹುಡುಗ ಒಂಬತ್ತು ಸಲ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಇಷ್ಟೇ ಆಗುತ್ತಿತ್ತು.

ನಮ್ಮದು ಮನೆಯೊಳಗಿನ ಪರೀಕ್ಷೆ. ಆದರೆ ಅಮೆರಿಕದ ಬಾಸ್ಟನ್ನಿನಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಇದನ್ನೇ ವ್ಯವಸ್ಥಿತವಾಗಿ ನಡೆಸಿ 2007ರಲ್ಲಿ ಪ್ರಕಟಿಸಿದರು. ಹೊಸ ತಟ್ಟೆಗಳ ಧ್ವನಿಯನ್ನು ನೇರವಾಗಿ ಒಮ್ಮೆ, ಸಿ.ಡಿ.ಯ ಅಳತೆಗೆ ಇಳಿಸಿ ಒಮ್ಮೆ ಕೇಳಿಸಿದರು. 554 ಪ್ರಯತ್ನಗಳಲ್ಲಿ ಸರಿಯಾದ ಉತ್ತರಗಳು 276. ಆದರೂ ಹೊಸ ತಟ್ಟೆಗಳಲ್ಲಿ ಅನೇಕವು ಕೇಳಲು ಇಂಪಾಗಿದ್ದುದನ್ನು ಅವರು ಗಮನಿಸಿದರು. ರಸಿಕರಿಗಾಗಿ ತಯಾರಾದ ಅವುಗಳ ಹಿಂದಿನ ಧ್ವನಿಸಂಸ್ಕಾರ ಹೆಚ್ಚು ಎಚ್ಚರದ್ದಾಗಿರುವುದೇ ಅದಕ್ಕೆ ಕಾರಣವೆಂದರು. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ ಹದಿನೆಂಟು ಪ್ರಯೋಗಗಳನ್ನು ಒಟ್ಟುಗೂಡಿಸಿ, ಸರಿಯಾದ ಉತ್ತರ ಶೇಕಡಾ 52.3 ಎಂದು ಕಂಡುಕೊಂಡರು. ತರಬೇತಿ ಪಡೆದ ಕಿವಿಗಳಿಗೆ ಭೇದ ಇನ್ನಷ್ಟು ತಿಳಿಯಿತು. ಆದಕಾರಣ ಭೇದವೇ ಇಲ್ಲವೆಂದು ಸಾಧಿಸಲಾಗದು. ಇದ್ದರೆ ಅದು ಕೂದಲೆಳೆಯಷ್ಟು. ಧ್ವನಿವರ್ಧಕವನ್ನು ಗೋಡೆಯ ಮೂಲೆಯಿಂದ ಈಚೆಗೆ ಸರಿಸಿದಾಗ ಆಗುವ ಭೇದ ಅದಕ್ಕಿಂತ ಬಹಳ ದೊಡ್ಡದು.

ಇಲ್ಲಿ ಗಮನಿಸತಕ್ಕ ಇನ್ನೊಂದು ವಿಷಯವಿದೆ. ಬೆಳ್ತಂಗಡಿಯ ನನ್ನ ಸ್ನೇಹಿತರೊಬ್ಬರು ಬಯಲಾಟದ ರಂಗಸ್ಥಳದ ಬದಿಯಲ್ಲಿ ಕುಳಿತು ರಾತ್ರಿಯಿಡೀ ಯಕ್ಷಗಾನವನ್ನು ಮುದ್ರಿಸಿಕೊಳ್ಳುತ್ತಿದ್ದವರು. ಚೆಂಡೆಯ ಪೆಟ್ಟು ಯಂತ್ರದ ಅಳವನ್ನು ಮೀರಿ ಒಡೆದ ಕಡೆಗಳಲ್ಲಿ ಭಾಗವತರ ಪದವೂ ಒಡೆದಿದೆ. ಆ ಸುರುಳಿಯನ್ನು ಎಷ್ಟೇ ಸೂಕ್ಷ್ಮ ಅಳತೆಯಲ್ಲಿ ನಕಲು ಮಾಡಿದರೂ ಒಡೆದ ಧ್ವನಿ ಕೂಡಿಕೊಳ್ಳಲಾರದು. ಮೂಲದಲ್ಲಿ ಇಲ್ಲದುದನ್ನು ತಟ್ಟೆ ಎಲ್ಲಿಂದ ತಂದೀತು?

ಮೂಡುಬಿದಿರೆಗೆ ಹೋದವರು 1430ರ ಸಾವಿರ ಕಂಬದ ಬಸದಿಯನ್ನು ನೋಡಿಯೇ ನೋಡುತ್ತಾರೆ. ಆದರೆ ಅದೇ ಊರು ಧವಲಾ ಗ್ರಂಥಗಳ ತಾಳೆಯೋಲೆಗಳನ್ನು, ಹಳೆಯ ಕನ್ನಡ ಲಿಪಿಯಲ್ಲಿ ಬರೆದವುಗಳನ್ನು, ಶತಮಾನಗಳ ಕಾಲ ಕಾಪಾಡಿತು. ಓಲೆಗಳು ಕಾಲಕ್ಕೆ ಸಿಕ್ಕಿ ಶಿಥಿಲವಾಗುವ ಹೊತ್ತಿಗೆ ಪ್ರತಿಗಳಾದವು; 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಅಚ್ಚಿನಲ್ಲಿ ಬಂದಿತು. ಓಲೆಯ ಮುರಿದ ಅಂಚಿನಲ್ಲಿದ್ದ ಅಕ್ಷರವನ್ನು ಎಷ್ಟು ನಯವಾದ ಕಾಗದವೂ ತುಂಬಿಕೊಡಲಾರದು. ಮುರಿಯುವ ಮುನ್ನ ಪ್ರತಿ ಮಾಡುವುದೊಂದೇ ದಾರಿ. ಆ ಬಸದಿಯ ಅಂಗಳದಲ್ಲಿ ನಿಂತಾಗ ನನಗೆ ಮನೆಯ ಪೆಟ್ಟಿಗೆಗಳು ನೆನಪಾದವು.

ಕರಾವಳಿಯ ತೇವದಲ್ಲಿ ಧ್ವನಿಸುರುಳಿಗಳಿಗೆ ಬೂಷ್ಟು ಹಿಡಿಯುತ್ತದೆ. ತಂದೆಯವರ ಮೂರರಲ್ಲಿ ಒಂದಕ್ಕೆ ಆಗಲೇ ಬಿಳಿಯ ಬೂಷ್ಟು ಬಂದಿತ್ತು. ಹುಡುಗನಿಗೆ ತೋರಿಸಿದಾಗ ಅವನು ಯಂತ್ರದ ಮಾತನ್ನು ಬಿಟ್ಟು, “ಮೊದಲ ಇದನ್ನ ಉಳಿಸೋಣ್ರೀ ಕಾಕಾ” ಎಂದ. ತಿಳಿದವರಿಂದ ಸುರುಳಿಯನ್ನು ಶುಚಿಗೊಳಿಸಿ, ಒಳ್ಳೆಯ ಸ್ಥಿತಿಯ ಪ್ಲೇಯರಿನಲ್ಲಿ ನುಡಿಸಿ, 24 ಬಿಟ್ ಅಳತೆಯಲ್ಲಿ ಗಣಕಕ್ಕೆ ಇಳಿಸಿಕೊಂಡೆವು. ಹೆಚ್ಚಿನ ಅಳತೆಗೆ ನಿಜವಾದ ಉಪಯೋಗವಿರುವುದು ಇಂತಹ ಸಂಗ್ರಹಕಾರ್ಯದಲ್ಲಿ. ಮುಂದೆ ತಿದ್ದುವಾಗ, ಮಟ್ಟ ಏರಿಳಿಸುವಾಗ ನಷ್ಟವಾಗದಿರಲೆಂದು. ಮೂರು ಪ್ರತಿಗಳು ಈಗ ಮೂರು ಊರುಗಳಲ್ಲಿವೆ. ಬೂಷ್ಟು ಹಿಡಿದ ಸುರುಳಿಯಲ್ಲಿ ಆರೇಳು ನಿಮಿಷ ಹೋಗಿಯೇ ಹೋಯಿತು. ಉಳಿದುದರಲ್ಲಿ ತಂದೆಯವರ ಕೆಮ್ಮಿದೆ, ಹಿತ್ತಲ ಬಾವಿಯ ರಾಟೆಯ ಸದ್ದಿದೆ, ಶ್ರುತಿ ತಪ್ಪದ ಆ ಕಂಠವಿದೆ. ಸಾಮಾನ್ಯ ಸಿ.ಡಿ.ಯ ಅಳತೆಯಲ್ಲಿ ಕೇಳಿದರೂ ಅದಕ್ಕೆ ಯಾವ ಕೊರತೆಯೂ ಕಾಣದು.

ಓದುಗ ಬಂಧುಗಳ ಮನೆಗಳಲ್ಲಿಯೂ ಅಜ್ಜ ಅಜ್ಜಿಯರ ಹಾಡು, ಪುರಾಣ ಪ್ರವಚನ, ಮದುವೆಯ ಸೋಬಾನೆಗಳ ಸುರುಳಿಗಳು ಅಟ್ಟದ ಮೇಲೆ ಇದ್ದಾವು. ದುಬಾರಿ ಯಂತ್ರಕ್ಕೆ ಹಣ ಕೂಡಿಡುವ ಮುನ್ನ ಆ ಪೆಟ್ಟಿಗೆಗಳನ್ನು ಇಳಿಸಿ ನೋಡಿರಿ. ಯಂತ್ರವನ್ನು ಬರುವ ವರ್ಷವೂ ಕೊಳ್ಳಬಹುದು. ಸುರುಳಿ ಮುಂದಿನ ಮಳೆಗಾಲದವರೆಗೆ ಕಾಯಲಾರದು.