ಎರಡು ಹಲಗೆಗಳ ವ್ಯಾಪಾರ

ಕೊಳ್ಳುವ ಪದಾರ್ಥವನ್ನು ಪರೀಕ್ಷಿಸುವವರು ನಾವೇ ಎಂದು ಎಲ್ಲರೂ ನಂಬಿದ್ದೇವೆ. ಬದನೆಕಾಯಿಯ ತೊಟ್ಟು ನೋಡುತ್ತೇವೆ, ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತೇವೆ, ಪಂಚೆಯನ್ನು ಬೆಳಕಿಗೆ ಹಿಡಿಯುತ್ತೇವೆ. ಆದರೆ ಕೆಲವು ಪದಾರ್ಥಗಳು ಕೊಳ್ಳುವವನನ್ನೇ ಪರೀಕ್ಷೆಗೆ ಕೂಡಿಸುತ್ತವೆ. ಕನ್ನಡಕದ ಅಂಗಡಿಯಲ್ಲಿ ಗೋಡೆಯ ಮೇಲಿನ ಕಡೆಯ ಸಾಲನ್ನು ಓದಲಾರದೆ ತಡವರಿಸಿದವರಿಗೆ ನನ್ನ ಮಾತು ಅರ್ಥವಾದೀತು. ಹಿಮದ ಇಳಿಜಾರಿನಲ್ಲಿ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಹಲಗೆಗಳು, ಅಂದರೆ ಸ್ಕೀಗಳು, ಈ ಎರಡನೆಯ ಜಾತಿಗೆ ಸೇರಿದವು. ಇದನ್ನು ಅರಿಯಲು ನಾನು ಆಸ್ಟ್ರಿಯ ದೇಶದ ಇನ್ಸ್‌ಬ್ರುಕ್ ಪಟ್ಟಣದವರೆಗೆ ಹೋಗಬೇಕಾಯಿತು.

ಹೋದದ್ದು ನನಗಾಗಿ ಸ್ಕೀ ಕೊಳ್ಳುವುದಕ್ಕಲ್ಲ ಎಂಬುದನ್ನು, ನಾನು ಕಾಲೇಜಿನ ಮೆಟ್ಟಿಲು ಹತ್ತುವ ರೀತಿಯನ್ನು ನೋಡಿರುವ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಅಕ್ಕನ ಮಗಳು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಎರಡು ಚಳಿಗಾಲಗಳ ಹಿಂದೆ ಇಳಿಜಾರಿನಲ್ಲಿ ಬಿದ್ದು ಬಲ ಮೊಣಕಾಲಿನ ಒಳಗಿನ ರಜ್ಜು ಹರಿದುಕೊಂಡಳು. ಶಸ್ತ್ರಚಿಕಿತ್ಸೆಯಾಯಿತು, ಒಂಬತ್ತು ತಿಂಗಳು ವ್ಯಾಯಾಮ ಮಾಡಿಸಿದರು. ಇದೆಲ್ಲ ಮುಗಿದ ಮೇಲೆ ಅವಳು ಮೈಸೂರಿನಲ್ಲಿರುವ ತಾಯಿಗೆ ಫೋನಿನಲ್ಲಿ ಹೇಳಿದ ಮೊದಲ ಸುದ್ದಿಯೆಂದರೆ, ಹಳೆಯ ಹಲಗೆಗಳನ್ನು ಮಾರಿ ಹೊಸವನ್ನು ಕೊಳ್ಳುತ್ತೇನೆ ಎಂಬುದು. ಡಿಸೆಂಬರಿನ ರಜೆಯಲ್ಲಿ ನಾನು ಆ ಕಡೆ ಹೊರಟಾಗ ಅಕ್ಕ ನನ್ನ ಕೈಗೆ ಚಟ್ನಿಪುಡಿಯ ಡಬ್ಬಿಯ ಜೊತೆಗೆ ಒಂದು ಕೆಲಸವನ್ನೂ ಕೊಟ್ಟಳು: "ಅವಳಿಗೆ ನಾಲ್ಕು ಬುದ್ಧಿ ಹೇಳಿ ಬಾರೋ. ನಿನ್ನ ಮಾತಾದರೆ ಕೇಳ್ತಾಳೆ." ಇದೇ ಅಕ್ಕ, ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಸ್ಕೀ ಓಟದಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಅದನ್ನು ಕತ್ತರಿಸಿ ಇಟ್ಟುಕೊಂಡವಳು. ಪಕ್ಕದ ಜಿಲ್ಲೆಯ ಹುಡುಗಿ ಮಾಡಿದರೆ ಸಾಹಸ. ಹೊಟ್ಟೆಯಲ್ಲಿ ಹುಟ್ಟಿದವಳು ಮಾಡಿದರೆ ಹಟ. ತಾಯಂದಿರ ನಿಘಂಟಿನಲ್ಲಿ ಹೀಗೆಯೇ ಬರೆದಿರುವಂತೆ ಕಾಣುತ್ತದೆ. ನ್ಯಾಯವಾಗಿ ನೋಡಿದರೆ ಎರಡೂ ಬೇರೆ ಆಟಗಳೇ. ಭವಾನಿಯವರ ಓಟದ ಹಲಗೆ ನಾಲ್ಕೈದು ಸೆಂಟಿಮೀಟರು ಅಗಲದ ಕಡ್ಡಿಯಂಥದು, ಅದರಲ್ಲಿ ಹಿಮ್ಮಡಿ ಸ್ವತಂತ್ರ. ನಮ್ಮ ಹುಡುಗಿಯದು ಬೆಟ್ಟದ ನೆತ್ತಿಯಿಂದ ಧುಮುಕುವ ಆಟ. ಅಲ್ಲಿ ಹಿಮ್ಮಡಿಯೂ ಹಲಗೆಗೆ ಬಿಗಿ.

ಇನ್ಸ್‌ಬ್ರುಕ್ 1964ರಲ್ಲೂ 1976ರಲ್ಲೂ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು. ಪೇಟೆಯ ನಡುಬೀದಿಯಲ್ಲಿ ನಿಂತು ಉತ್ತರಕ್ಕೆ ತಲೆಯೆತ್ತಿದರೆ ನಾರ್ಡ್‌ಕೆಟ್ಟೆ ಬೆಟ್ಟಸಾಲು ಮನೆಗಳ ಮಾಡಿನ ಮೇಲೆಯೇ ಬಾಗಿ ನಿಂತಂತೆ ತೋರುತ್ತದೆ. ಬಸ್ಸಿನಲ್ಲಿ ಹಲಗೆ ಹೊತ್ತವರು, ಮಳೆಗಾಲದ ಮಡಿಕೇರಿಯಲ್ಲಿ ಕೊಡೆ ಹಿಡಿದವರಷ್ಟು ಸಾಮಾನ್ಯ. ಸ್ಕೀ ಎಂಬ ಮಾತು ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಸೀಳಿದ ಕಟ್ಟಿಗೆ ಎಂದು ಅದರ ಅರ್ಥ. ಹುಟ್ಟಿದ ನಾರ್ವೆಯಲ್ಲಿ ಅದನ್ನು 'ಶೀ' ಎಂದೇ ಉಚ್ಚರಿಸುತ್ತಾರೆ. ನಮ್ಮ 'ಸೀಳು' ಎಂಬುದಕ್ಕೂ ಇದಕ್ಕೂ ನೆಂಟಸ್ತಿಕೆ ಕಟ್ಟುವ ಆಸೆ ಒಂದು ಕ್ಷಣ ಬಂತು. ಭಾಷಾಶಾಸ್ತ್ರದ ಸಹೋದ್ಯೋಗಿಗಳ ಮುಖ ನೆನಪಾಗಿ ಸುಮ್ಮನಾದೆ.

ಅಂಗಡಿಯ ಒಂದು ಗೋಡೆಯ ತುಂಬ ಹಲಗೆಗಳು ನಿಂತಿದ್ದವು. "ಇವುಗಳಲ್ಲಿ ಯಾವುದು ಒಳ್ಳೆಯದು ಪುಟ್ಟಿ?" ಎಂದೆ. "ಹಾಗೆ ಕೇಳಬಾರದು ಮಾಮ, ಯಾವುದಕ್ಕೆ ಒಳ್ಳೆಯದು ಅಂತ ಕೇಳಬೇಕು," ಎಂದು ನಕ್ಕಳು. ಸ್ಕೀಯ ಜಾತಕವೆಲ್ಲ ಅದರ ನಡುವಿನಲ್ಲಿದೆಯಂತೆ. ರಾತ್ರಿ ಯಂತ್ರ ಓಡಿಸಿ ಬಾಚಿ ಹಸನುಮಾಡಿದ ಗಟ್ಟಿ ಇಳಿಜಾರಿಗೆ, ಪಾದದ ಕೆಳಗೆ 70ರಿಂದ 80 ಮಿಲಿಮೀಟರು ಅಗಲವಿದ್ದರೆ ಸಾಕು. ಯಾರೂ ತುಳಿಯದ ಹಿಮದಲ್ಲಿ ತನಗೆ ತೋಚಿದ ದಾರಿಯಲ್ಲಿ ಇಳಿಯುವುದಕ್ಕೆ ಫ್ರೀರೈಡ್ ಎಂದು ಹೆಸರು. ಅದಕ್ಕೆ 100ರಿಂದ ಮೇಲೆ ಬೇಕು. 115 ದಾಟಿದವು ಹಿಟ್ಟಿನಂಥ ಆಳವಾದ ಹಿಮಕ್ಕೇ ಮೀಸಲು. ಅಗಲವಾದ ಹಲಗೆ ಮೆತ್ತನೆಯ ಹಿಮದ ಮೇಲೆ ತೇಲುತ್ತದೆ. ಆದರೆ ಅದನ್ನೇ ಗಟ್ಟಿ ನೆಲಕ್ಕೆ ಒಯ್ದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳುವುದು ನಿಧಾನ. ಅಂಚು ಪಾದದ ನಡುಗೆರೆಯಿಂದ ದೂರವಾದಷ್ಟೂ ಮೊಣಕಾಲಿನ ಮೇಲೆ ತಿರುಚು ಹೆಚ್ಚು. ಎರಡಕ್ಕೂ ಒದಗಲೆಂದು ನಡುವೆ ಒಂದು ವರ್ಗವಿದೆ, ಆಲ್-ಮೌಂಟನ್ ಎಂದು. ಮದುವೆಗೂ ಆಗಬೇಕು, ಮಾರುಕಟ್ಟೆಗೂ ಆಗಬೇಕು ಎಂದು ಸೀರೆ ಆರಿಸುವ ಕಷ್ಟವೆಲ್ಲ ಆ ವರ್ಗದಲ್ಲಿದೆ.

ಅಗಲವಾದ ಹಲಗೆಯ ಈ ಹುಚ್ಚಿಗೆ ಒಬ್ಬ ಮೂಲಪುರುಷನಿದ್ದಾನೆ. ಶೇನ್ ಮೆಕಾಂಕಿ ಎಂಬ ಸಾಹಸಿ, ನೀರಿನ ಮೇಲೆ ಜಾರುವ ಸ್ಕೀಗಳಿಗೆ ಬೈಂಡಿಂಗ್ ಕೂಡಿಸಿ ಅಲಾಸ್ಕದ ಹಿಮದಲ್ಲಿ ಇಳಿದು ನೋಡಿದ. ಆಳವಾದ ಹಿಮ ನೆಲಕ್ಕಿಂತ ನೀರಿಗೆ ಹತ್ತಿರ ಎಂಬುದು ಅವನ ವಾದ. ಅದರಿಂದ 2002ರಲ್ಲಿ ವೋಲಾಂಟ್ ಕಂಪನಿಯ 'ಸ್ಪಾಟುಲ' ಹೊರಬಂತು. ಉಳಿದ ಹಲಗೆಗಳಿಗೆ ನಡು ಸಣ್ಣ, ತುದಿ ಅಗಲ. ಇದಕ್ಕೆ ನಡುವೇ ಅಗಲ. ಉಳಿದವು ಕಮಾನಿನಂತೆ ನಡುವಿನಲ್ಲಿ ಎದ್ದಿದ್ದರೆ ಇದು ದೋಣಿಯ ತಳದಂತೆ ಎರಡು ತುದಿಗೂ ಮೇಲಕ್ಕೆ ಬಾಗಿತ್ತು. ಮೊದಲು ಕಂಡವರು ನಕ್ಕರು. ಇಂದು ಬೆಟ್ಟವೆಲ್ಲ ಸುತ್ತುವ ಹಲಗೆಗಳಲ್ಲಿ ತುದಿಯ ಆ ಬಾಗು ಇಲ್ಲದ್ದನ್ನು ಹುಡುಕಬೇಕು.

ನಮ್ಮ ಹುಡುಗಿಯ ಕೈ ಮೊದಲು ಹೋದದ್ದು 108ರ ಕಡೆಗೆ. ಅದನ್ನು ಎತ್ತಿದಳು, ಬಾಗಿಸಿದಳು, ಬಹಳ ಹೊತ್ತು ಹಿಡಿದುಕೊಂಡು ನಿಂತಳು. ನಾನು ಮಾತಾಡಲಿಲ್ಲ. ಅಂಥ ಹಲಗೆ ಕೊಂಡವರ ಮನಸ್ಸು ಹಸನಾದ ದಾರಿಯ ಗಡಿಯಾಚೆಗೇ ಇರುತ್ತದೆ. ಗಡಿಯಾಚೆ ಇರುವುದು ಬರೀ ಹಿಮವಲ್ಲ, ಹಿಮಪಾತವೂ ಹೌದು. ನಮ್ಮ ಕಾಶ್ಮೀರದ ಗುಲ್ಮಾರ್ಗ್ ಇಂಥದಕ್ಕೇ ಜಗತ್ತಿನಲ್ಲಿ ಹೆಸರಾಗಿದೆ. ಅಲ್ಲಿಯ ತೂಗುತೊಟ್ಟಿಲು ಅಫರ್ವತ್ ಬೆಟ್ಟದ ಮೇಲೆ ಸುಮಾರು 3,950 ಮೀಟರು ಎತ್ತರದವರೆಗೆ ಒಯ್ದು ಬಿಡುತ್ತದೆ. ಮುಂದಿನದು ಅವರವರ ಹಣೆಬರಹ, ಅವರವರ ಜಾಣ್ಮೆ. 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯದ ಒಬ್ಬರು ಅಲ್ಲಿ ಹಿಮದಡಿ ಸಿಕ್ಕಿ ಸತ್ತರು. ಅಕ್ಕ ಈ ಸುದ್ದಿಗಳನ್ನೂ ಕತ್ತರಿಸಿ ಇಟ್ಟಿದ್ದಳು.

ಕೊನೆಗೆ ಅವಳು ತೆಗೆದದ್ದು 96ರದು, 170 ಸೆಂಟಿಮೀಟರು ಉದ್ದ. ಒಳಗೆ ಮರದ ತಿರುಳು, ಅದರ ಮೇಲೂ ಕೆಳಗೂ ಟೈಟಾನಲ್ ತಗಡು. ಹೆಸರು ಕೇಳಿ ಟೈಟಾನಿಯಂ ಎಂದುಕೊಳ್ಳಬೇಡಿ. ಅದು ಅಲ್ಯೂಮಿನಿಯಂ ಮಿಶ್ರಲೋಹ. ಹೆಸರಿಗೂ ಒಳಗಿನ ಸರಕಿಗೂ ಇಷ್ಟು ಅಂತರ ನಮ್ಮ ಕವಿಗಳ ಬಿರುದುಗಳಲ್ಲಿ ಮಾತ್ರ ಉಂಟೆಂದು ತಿಳಿದಿದ್ದೆ.

ಇಷ್ಟಾದ ಮೇಲೆ ವ್ಯಾಪಾರ ಮುಗಿಯಿತೆಂದು ನಾನು ಕೋಟಿನ ಗುಂಡಿ ಹಾಕಿಕೊಂಡೆ. ನಿಜವಾದ ವ್ಯಾಪಾರ ಆಗ ಆರಂಭವಾಯಿತು. ಬೂಟನ್ನು ಹಲಗೆಗೆ ಹಿಡಿದಿಡುವ ಸಾಧನಕ್ಕೆ ಬೈಂಡಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಬಂಧನವೆನ್ನಬಹುದು, ಆದರೆ ಈ ಬಂಧನದ ಹೆಚ್ಚುಗಾರಿಕೆಯೆಲ್ಲ ಸರಿಯಾದ ಗಳಿಗೆಯಲ್ಲಿ ಬಿಡುವುದರಲ್ಲಿದೆ. ನಾರ್ವೆಯ ಟೆಲೆಮಾರ್ಕಿನ ಸೋಂಡ್ರೆ ನೋರ್ಹೈಮ್ 1860ರ ದಶಕದಲ್ಲಿ ಹೊಸೆದ ಬಳ್ಳಿಯಿಂದ ಹಿಮ್ಮಡಿಯನ್ನು ಕಟ್ಟಿಕೊಂಡು ತಿರುವುಗಳನ್ನು ತೋರಿಸಿ ಹೆಸರಾದ. ಅಲ್ಲಿಂದ ಮುಂದಕ್ಕೆ ಜನ ಬಿಗಿಯುವ ಉಪಾಯಗಳನ್ನೇ ಹುಡುಕಿದರು. ಕಾಲುಗಳು ಮುರಿಯುತ್ತ ಹೋದವು. ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ನೆಲೆಸಿದ್ದ ನಾರ್ವೆಯ ಯಾಲ್ಮರ್ ಹ್ವಾಮ್ 1937ರಲ್ಲಿ ಹೀಗೆಯೇ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ. ಅರಿವಳಿಕೆಯ ಮಂಪರು ತಿಳಿಯುತ್ತಿದ್ದಂತೆ ದಾದಿಯಿಂದ ಕಾಗದ ಪೆನ್ಸಿಲು ಕೇಳಿ ಪಡೆದು, ತಾನೇ ಬಿಟ್ಟುಕೊಳ್ಳುವ ಬೈಂಡಿಂಗಿನ ಚಿತ್ರ ಬರೆದನೆಂದು ಕಥೆ. ಇಂದಿನ ಬೈಂಡಿಂಗುಗಳೆಲ್ಲ ಆ ವಂಶದವು. ಬಿಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅದೇ ಮೆಕಾಂಕಿಯ ಹೆಸರು ಹೇಳಬೇಕು. 2009ರಲ್ಲಿ ಇಟಲಿಯ ಡೋಲೊಮೈಟ್ ಬೆಟ್ಟಗಳಲ್ಲಿ ಸ್ಕೀ ಸಮೇತ ಬಂಡೆಯಿಂದ ಹಾರಿ, ಗಾಳಿಯಲ್ಲಿ ಹಲಗೆಗಳನ್ನು ಕಳಚಿಕೊಂಡು ಪ್ಯಾರಾಚೂಟಿನಿಂದ ಇಳಿಯುವುದು ಅವನ ಯೋಜನೆ. ಹಲಗೆ ಕಳಚಿಕೊಳ್ಳಲಿಲ್ಲ. ಅವನಿಗೆ ಮೂವತ್ತೊಂಬತ್ತು ವರ್ಷ.

ಬೈಂಡಿಂಗ್ ಕೂರಿಸುವವರು ಅರವತ್ತರ ಆಸುಪಾಸಿನ ಗೃಹಸ್ಥರು. ಬೆರಳುಗಳ ಮೇಲೆಲ್ಲ ಒಣಗಿದ ಅಂಟು. ನಮ್ಮವಳು ಜರ್ಮನಿನಲ್ಲಿ ಕೇಳಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅವಳ ಮೊದಲ ಪ್ರಶ್ನೆ: ಮೊಣಕಾಲನ್ನು ಉಳಿಸುವುದು ಯಾವುದು? ಹೊಗಳಿ ಮಾರಬಹುದಾಗಿದ್ದ ಮನುಷ್ಯ ತಲೆಯಾಡಿಸಿಬಿಟ್ಟರು. ಬೈಂಡಿಂಗ್ ಹುಟ್ಟಿದ್ದು ಮೊಣಕಾಲ ಕೆಳಗಿನ ಎಲುಬನ್ನು ಕಾಯುವುದಕ್ಕೆ. ಅಮೆರಿಕದ ವರ್ಮಾಂಟಿನ ಒಂದು ಬೆಟ್ಟದಲ್ಲಿ 1972ರಿಂದ ದಶಕಗಳ ಕಾಲ ಗಾಯಗಳ ಲೆಕ್ಕವಿಟ್ಟವರು ಕಂಡದ್ದೂ ಅದೇ: ಕಾಲೆಲುಬು ಮುರಿಯುವುದು ಬಹಳ ಕಡಿಮೆಯಾಯಿತು, ಮೊಣಕಾಲಿನ ರಜ್ಜು ಹರಿಯುವುದು ಹಾಗೆ ಇಳಿಯಲಿಲ್ಲ. ಹಿಮ್ಮಡಿಯನ್ನು ಪಕ್ಕಕ್ಕೂ ಬಿಡುವ ಬಗೆಗಳು ಈಚೆಗೆ ಬಂದಿವೆ. ಒಳ್ಳೆಯ ಪ್ರಯತ್ನ, ಆದರೆ ಭರವಸೆ ಕೊಡಲಾರೆ ಎಂದರು. ಅವಳು ಅದನ್ನು ನನಗೆ ಅನುವಾದಿಸುವಾಗ ಒಂದು ಮಾತನ್ನೂ ಬಿಡಲಿಲ್ಲ. ನನಗೆ ಆ ಹುಡುಗಿಯ ಮೇಲೆ ಗೌರವ ಬಂದದ್ದು ಆಗ.

ಅವಳಿಗೆ ಹಗುರಾದ ಪಿನ್ ಬೈಂಡಿಂಗಿನ ಆಸೆಯಿತ್ತು. ಫ್ರಿಟ್ಜ್ ಬಾರ್ಟೆಲ್ ಎಂಬ ಆಸ್ಟ್ರಿಯದವರು 1980ರ ದಶಕದಲ್ಲಿ ಕಂಡುಹಿಡಿದದ್ದು. ಬೂಟಿನ ಮೂತಿಯನ್ನು ಎರಡು ಮೊಳೆಗಳ ನಡುವೆ ಹಿಡಿಯುತ್ತದೆ, ಬೆಟ್ಟ ಹತ್ತುವಾಗ ಹಿಮ್ಮಡಿ ಏಳುತ್ತದೆ. ತೂಕ ಅತಿ ಕಡಿಮೆ, ಆದರೆ ಬೀಳುವಾಗ ಬಿಡುವ ನಯದಲ್ಲಿ ಹಳೆಯ ಭಾರದ ಬೈಂಡಿಂಗಿಗೆ ಸಮನಲ್ಲ. ಎರಡನ್ನೂ ಬೆರೆಸಿದ ಜಾತಿಯೊಂದು 2018ರಲ್ಲಿ ಸಾಲೊಮನ್ ಕಂಪನಿಯ 'ಶಿಫ್ಟ್' ಬಂದಾಗಿನಿಂದ ಜನಪ್ರಿಯವಾಗಿದೆ. ಹತ್ತುವಾಗ ಪಿನ್, ಇಳಿಯುವಾಗ ಭಾರದ್ದರಂತೆ. "ಕಳೆದ ಸಲ ನಿನ್ನ ಕಾಲಿನಲ್ಲೇ ಎಷ್ಟು ದಿನ ಬೆಟ್ಟ ಹತ್ತಿದೆ?" ಎಂದು ಗೃಹಸ್ಥರು ಕೇಳಿದರು. ಬೆರಳು ಮಡಿಚಿ ಎಣಿಸಿದಳು. ನಾಲ್ಕು. ನಾಲ್ಕು ದಿನಕ್ಕಾಗಿ ಬೆರಕೆಯದೂ ಬೇಡ, ಗಟ್ಟಿಯಾದ ಹಳೆಯ ಬಗೆಯೇ ಸಾಕು ಎಂಬುದು ನನ್ನ ಅಭಿಪ್ರಾಯ. ಈಗಲೂ ಅದೇ. ಅವಳು ಬೆರಕೆಯದನ್ನೇ ಆರಿಸಿದಳು. ಮುಂದಿನ ವರ್ಷದ ಹತ್ತುವಿಕೆಯನ್ನು ಈ ವರ್ಷವೇ ಕೊಂಡಿಡುವುದು ಯೌವನದ ಲಕ್ಷಣ.

ಆಮೇಲೆ ಬಂತು ಅರ್ಜಿ. ಎಷ್ಟು ಬಲ ಬಿದ್ದರೆ ಬೈಂಡಿಂಗ್ ಬಿಡಬೇಕೆಂಬುದನ್ನು ಒಂದು ಅಂಕೆಯಿಂದ ನಿಗದಿ ಮಾಡುತ್ತಾರೆ. ಡಿಐಎನ್ ಅಂಕೆಯೆಂದು ಹೆಸರು. ಅದನ್ನು ತಿಳಿಯಲು ಐದು ಸಂಗತಿ ಬೇಕು: ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಮತ್ತು ನೀನು ಎಂಥ ಸ್ಕೀಗಾರ ಎಂಬುದು. ಐವತ್ತು ತುಂಬಿದವರನ್ನು ಹತ್ತರೊಳಗಿನ ಮಕ್ಕಳ ಜೊತೆ ಸೇರಿಸಿ ಒಂದು ಮೆಟ್ಟಿಲು ಕೆಳಗಿಳಿಸುತ್ತಾರೆ. ನನಗೆ ಇನ್ನೂ ಕೆಲವು ವರ್ಷ ಕಾಲಾವಕಾಶವಿದೆಯೆಂದು ಸಮಾಧಾನವಾಯಿತು. ಮೊದಲ ನಾಲ್ಕನ್ನು ತಕ್ಕಡಿ ಅಳತೆಪಟ್ಟಿಗಳು ಹೇಳುತ್ತವೆ. ಐದನೆಯದನ್ನು ಕೊಳ್ಳುವವರೇ ಹೇಳಬೇಕು. ಒಂದನೆಯ ವರ್ಗ, ನಿಧಾನಸ್ಥರು, ಎರಡನೆಯದು, ಮಧ್ಯಮರು, ಮೂರನೆಯದು, ಕಡಿದಾದ ಕಡೆ ವೇಗವಾಗಿ ನುಗ್ಗುವವರು. ವರ್ಗ ಏರಿದಂತೆ ಅಂಕೆ ಏರುತ್ತದೆ, ಬೈಂಡಿಂಗ್ ಬಿಡಲು ಹೆಚ್ಚು ಬಲ ಬೇಕಾಗುತ್ತದೆ. ಪರೀಕ್ಷೆಯಲ್ಲಿ ತನಗೆ ತಾನೇ ಅಂಕ ಹಾಕಿಕೊಳ್ಳಿ ಎಂದರೆ ಯಾರು ತಾನೇ ಕಡಿಮೆ ಹಾಕಿಕೊಂಡಾರು? ಇಲ್ಲಿ ಅಂಕ ಹೆಚ್ಚಿದರೆ ಎಲುಬಿಗೆ ಕೇಡು. ಕಡಿಮೆಯಾದರೂ ಕೇಡೇ, ನಡುದಾರಿಯಲ್ಲಿ ಸುಮ್ಮನೆ ಕಳಚಿ ಬೀಳಿಸುತ್ತದೆ. ಹದಿನಾರರವರೆಗೆ ಏರುವ ಬೈಂಡಿಂಗನ್ನು ಹೆಮ್ಮೆಗೆ ಕೊಂಡು ಎಂಟಕ್ಕೆ ಇಟ್ಟುಕೊಂಡು ತಿರುಗುವ ತರುಣರೂ ಇದ್ದಾರಂತೆ. ಅದರಿಂದ ಯಾರಿಗೂ ತೊಂದರೆಯಿಲ್ಲ, ಪರ್ಸಿಗೆ ಹೊರತು.

ಅವಳು ಮೂರು ಎಂದು ಬರೆದಳು. ಬಿದ್ದ ವರ್ಷವೂ ಅದೇ ಬರೆದಿದ್ದಳು. ಗೃಹಸ್ಥರು ಅರ್ಜಿಯನ್ನು ತಿರುಗಿಸಿ ನೋಡಿ, ಏನೂ ಹೇಳದೆ, ಬೂಟನ್ನು ಅಳೆಯಲು ಒಳಗೆ ಹೋದರು. ಅಕ್ಕ ಒಪ್ಪಿಸಿದ್ದ ನಾಲ್ಕು ಬುದ್ಧಿಗಳೂ ನನ್ನ ನಾಲಗೆಯ ತುದಿಯಲ್ಲಿದ್ದವು. ಅವಳು ಪೆನ್ನನ್ನು ಕೆಳಗಿಟ್ಟಿರಲಿಲ್ಲ. ಬಲಗಾಲನ್ನು ಒಂದು ಸಲ ಮಡಿಚಿ ಚಾಚಿದಳು, ಯಾರೋ ಕರೆದು ಕೇಳಿದಂತೆ. ಆಮೇಲೆ ಮೂರನ್ನು ಹೊಡೆದು ಎರಡು ಮಾಡಿ ಪಕ್ಕದಲ್ಲಿ ರುಜು ಹಾಕಿದಳು. "ಅಮ್ಮನಿಗೆ ಹೇಳಬೇಡಿ ಮಾಮ," ಎಂದಳು. ಯಾವುದನ್ನು ಎಂದು ನಾನು ಕೇಳಲಿಲ್ಲ.

ಗುರುವಾರ ಹೋದಾಗ ಕೆಲಸ ಮುಗಿಯುತ್ತ ಬಂದಿತ್ತು. ಲೋಹದ ತಗಡಿರುವ ಹಲಗೆಗೆ 4.1 ಮಿಲಿಮೀಟರಿನ ಬೈರಿಗೆ. ತೂತು ಒಂದಿಷ್ಟು ಆಚೀಚೆಯಾದರೆ ಪಕ್ಕದಲ್ಲಿಯೇ ಇನ್ನೊಂದು ಕೊರೆಯುವಂತಿಲ್ಲ, ಹಲಗೆಯ ಬಲ ಹೋಗುತ್ತದೆ. ಅವಳ ಬೂಟನ್ನು ಸಿಕ್ಕಿಸಿ ಯಂತ್ರದಿಂದ ಪಕ್ಕಕ್ಕೆ ತಿರುಚಿದರು, ಮೇಲಕ್ಕೆ ಎಳೆದರು. ಪ್ರತಿ ಸಲವೂ ಟಕ್ಕೆಂದು ಬಿಟ್ಟಿತು. ಬಿಲ್ಲು ಸಾವಿರ ಯೂರೋ ದಾಟಿತ್ತು. ಅದನ್ನಂತೂ ಮೈಸೂರಿಗೆ ತಿಳಿಸುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಹಿಂತಿರುಗುವಾಗ ಬಸ್ಸಿನಲ್ಲಿ ಹಲಗೆಗಳನ್ನು ನಾನೇ ಹಿಡಿದುಕೊಂಡೆ. ಎದುರಿಗೆ ಕುಳಿತಿದ್ದ ಅಜ್ಜಿಯೊಬ್ಬರು ಅವನ್ನೂ ನನ್ನನ್ನೂ ನೋಡಿ ಏನೋ ಕೇಳಿದರು. "ಯಾವ ಬೆಟ್ಟದಲ್ಲಿ ಇಳಿಯುತ್ತೀರಿ ಅಂತ ಕೇಳುತ್ತಿದ್ದಾರೆ ಮಾಮ," ಎಂದು ಹುಡುಗಿ ನಗು ತಡೆದುಕೊಂಡಳು.

"ಒಂದನೆಯ ವರ್ಗದವನು ಎಂದು ಹೇಳು," ಎಂದೆ.